ಟೇಲ್‌ಎಂಡಿನ ನೆಟ್

ರಾತ್ರಿ ಎಂಟರ ಸುಮಾರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ಊರಿಗೆ ಹೋದರೂ ಕೇಳುವ ಮಾತು ಒಂದೇ: ‘ನೆಟ್ ಬರವಲ್ದು, ಬರೇ ಸುತ್ತಾಕತ್ತೈತಿ.’ ಪುಣೆಗೋ ಗೋವೆಗೋ ದುಡಿಯಲು ಹೋದವರು ಮನೆಗೆ ವಿಡಿಯೊ ಕಾಲ್ ಮಾಡುವ ಹೊತ್ತು ಅದು. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಆನ್‌ಲೈನ್ ಕ್ಲಾಸಿಗೆ ಕೂರುವ ಹೊತ್ತು. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುವವರು ಅಮೆರಿಕದವರ ಮೀಟಿಂಗ್‌ಗೆ ಸೇರುವ ಹೊತ್ತೂ ಅದೇ. ಎಲ್ಲರಿಗೂ ಬೇಕಾದಾಗಲೇ ನೆಟ್ ಕೈಕೊಡುತ್ತದೆ.

ಯಾಕೆ ಎಂದು ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ನೆಲದಲ್ಲಿ ಫೈಬರ್ ಹೂಳದೆ ಏನೂ ಆಗದು ಎನ್ನುವವರು ಒಂದು ಕಡೆ. ಅಗೆಯುವ ಉಸಾಬರಿಯೇ ಬೇಡ, ಟವರ್ ಹಾಕಿ ಗಾಳಿಯಲ್ಲೇ ಕೊಡಿ ಎನ್ನುವವರು ಇನ್ನೊಂದು ಕಡೆ. ಉಪಗ್ರಹ ಬಂದರೆ ಎರಡೂ ಬೇಕಿಲ್ಲ ಎಂಬುದು ಹೊಸ ಮಾತು. ಮನೆಮನೆಗೆ ಯಾಕೆ, ಊರಿಗೊಂದು ಒಳ್ಳೆಯ ಸಂಪರ್ಕ ಸಾಕು ಎಂಬುದು ಹಳೆಯ ಮಾತು. ಇವರ ನಡುವೆ ರಿಪೇರಿಗೆ ಬರುವ ಹುಡುಗ ರೂಟರ್ ನೋಡಿ, ‘ಲೈನ್ ಬರೊಬ್ಬರಿ ಐತ್ರಿ, ತಪ್ಪು ನಿಮ್ಮ ಮನ್ಯಾಗ’ ಎಂದು ಹೇಳಿ ಹೋಗುತ್ತಾನೆ. ಪ್ರತಿಯೊಬ್ಬರ ಮಾತಿನಲ್ಲೂ ಸತ್ಯದ ಒಂದು ತುಂಡಿದೆ.

ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲ್ಲೂಕುಗಳಿಂದ ಈಗ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳು ಒಡೆದಿವೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಹೆಚ್ಚಿನ ನೆಲ ಎರೆ. ನೆಟ್ಟಿನ ಚರ್ಚೆಯಲ್ಲಿ ಮಣ್ಣಿನ ಮಾತೇಕೆ ಎಂದರೆ, ಮುಂದೆ ಅದು ಬರುತ್ತದೆ.

1975ರ ಡಿಶ್, 2016ರ ಸಿಮ್

ಈ ಸೀಮೆಗೆ ಉಪಗ್ರಹ ಬಂದು ಐವತ್ತು ವರ್ಷವಾಯಿತು ಎಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಬಂತು. ಕರ್ನಾಟಕದಿಂದ ಆರಿಸಿದ್ದು ಆಗಿನ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಕೋಳಿ ಗೂಡಿಗೆ ಹೊಡೆಯುವ ತಂತಿ ಜಾಳಿಗೆಯಿಂದ ಮಾಡಿದ ಹತ್ತಡಿಯ ಡಿಶ್ ಅದು. ಬೆಂಗಳೂರಿನ ಮನೆಗಳಲ್ಲಿ ಇನ್ನೂ ಟಿವಿ ಇಲ್ಲದ ಕಾಲದಲ್ಲಿ ಇಲ್ಲಿಯ ಜನ ಸಾರ್ವಜನಿಕ ಪೆಟ್ಟಿಗೆಯ ಮುಂದೆ ಕೂತು ಒಕ್ಕಲುತನದ ಪಾಠ ನೋಡಿದರು. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಅಮೆರಿಕದ ಕೆಲಸಕ್ಕೆ ಹಿಂದಕ್ಕೆ ಸರಿಸಿದರು. ದೊಡ್ಡ ತಂತ್ರಜ್ಞಾನ ಬಂದು ಹೋಗುವುದು ಈ ಜಿಲ್ಲೆಗೆ ಹೊಸದೇನಲ್ಲ.

ಇಂಟರ್‌ನೆಟ್ ದೇಶದ ಸಾಮಾನ್ಯರಿಗೆ ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ತಾಲ್ಲೂಕು ಪಟ್ಟಣಗಳಿಗೆ ಅದು ಬಂದದ್ದು ಫೋನ್ ತಂತಿಯಲ್ಲಿ, ಕಿರ್ರೆನ್ನುವ ಮೋಡೆಮ್ ಜೊತೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡಾಟಾಒನ್’ ಬ್ರಾಡ್‌ಬ್ಯಾಂಡ್ ಶುರುಮಾಡಿತು. ಅದಕ್ಕಿಂತ ಕೆಲವು ತಿಂಗಳ ಹಿಂದೆ, 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ, ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಸರ್ಕಾರ ನಿಗದಿ ಮಾಡಿತ್ತು. 2013ರಲ್ಲಿ ಅದು 512 ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್. ಒಂದು ಎಚ್‌ಡಿ ವಿಡಿಯೊ ತಡೆಯಿಲ್ಲದೆ ಓಡಲು ಸುಮಾರು 5 ಎಂಬಿಪಿಎಸ್ ಬೇಕು. ಅಂದರೆ ಸರ್ಕಾರಿ ಲೆಕ್ಕದ ಬ್ರಾಡ್‌ಬ್ಯಾಂಡ್ ಮನೆಯಲ್ಲಿದ್ದೂ ನೆಟ್ ಸುತ್ತುತ್ತಿರಬಹುದು, ಎರಡೂ ಸುಳ್ಳಲ್ಲ.

ತಾಮ್ರದ ತಂತಿಗೆ ಒಂದು ಗುಣವಿತ್ತು. ಎಕ್ಸ್‌ಚೇಂಜ್ ಹತ್ತಿರವಿದ್ದರೆ ಅದರಲ್ಲಿ ಬರುವ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಚೆನ್ನಾಗಿ ಓಡುತ್ತಿತ್ತು. ನಾಲ್ಕೈದು ಕಿಲೋಮೀಟರ್ ದಾಟಿದರೆ ಇದ್ದೂ ಇಲ್ಲದಂತೆ. ಹೀಗಾಗಿ ಸಿಂದಗಿ ಪೇಟೆಯ ಅಂಗಡಿಗೆ ಬಂದದ್ದು ಪಕ್ಕದ ಹಳ್ಳಿಗೆ ಬರಲಿಲ್ಲ. ಬೇಸಿಗೆಯ ಸಿಡಿಲಿಗೆ ಮೋಡೆಮ್ ಸುಟ್ಟು ಹೋಗುವುದು ಬೇರೆ.

ಆಮೇಲೆ 2016ರ ಸೆಪ್ಟೆಂಬರ್ 5. ಜಿಯೊ ಬಂದು ಡಾಟಾ ಅಗ್ಗವಾಯಿತು, ಉಳಿದ ಕಂಪನಿಗಳೂ ದರ ಇಳಿಸಿದವು. ಕಂಪ್ಯೂಟರನ್ನೇ ಕಾಣದ ಮನೆಗೆ ನೆಟ್ ಮೊಬೈಲ್ ಮೂಲಕ ನುಗ್ಗಿತು. ಈ ಭಾಗದ ಬಹುಪಾಲು ಮನೆಗಳಿಗೆ ‘ಮನೆಯ ನೆಟ್’ ಎಂದರೆ ಇಂದಿಗೂ ಯಾರದೋ ಫೋನಿನ ಹಾಟ್‌ಸ್ಪಾಟ್. 2020ರ ಕೊರೊನಾ ಕಾಲದಲ್ಲಿ ಶಾಲೆ ಆನ್‌ಲೈನ್ ಆದಾಗ ಅದರ ಮಿತಿ ಬಯಲಾಯಿತು. ಮಕ್ಕಳು ಮಾಳಿಗೆ ಹತ್ತಿ ರೇಂಜ್ ಹುಡುಕಿದರು. ನೆಟ್ ನಂಬಿ ಕೂತರೆ ಆಗದೆಂದು ರಾಜ್ಯ ಸರ್ಕಾರವೇ ಆ ವರ್ಷದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ತಂದು ಮಾಸ್ತರರನ್ನು ಊರಿನ ಕಟ್ಟೆಗೆ ಕಳಿಸಿತು.

ನೆಲದಡಿಯ ಫೈಬರ್: ಕಾಲುವೆಯ ಕಥೆ

ಫೈಬರ್ ಪಂಥದವರ ವಾದ ಸರಳ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಸಿಡಿಲಿಗೆ ಜಗ್ಗುವುದಿಲ್ಲ, ಇಪ್ಪತ್ತು ಕಿಲೋಮೀಟರ್ ಆದರೂ ವೇಗ ಕುಂದುವುದಿಲ್ಲ. ಮನೆಗಳಿಗೆ ಕೊಡುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಮೇಲೆ ಸುಮಾರು 2.5 ಜಿಬಿಪಿಎಸ್ ಕೆಳಮುಖವಾಗಿ, 1.25 ಜಿಬಿಪಿಎಸ್ ಮೇಲ್ಮುಖವಾಗಿ ಹರಿಯುತ್ತದೆ. ಅದನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಕೂತರೂ ಪ್ರತಿ ಮನೆಗೆ ಹಲವು ಹತ್ತು ಎಂಬಿಪಿಎಸ್ ಸಿಗಬೇಕು. ಗಾಳಿಯಲ್ಲಿ ಬರುವ ಯಾವುದೂ ಈ ಲೆಕ್ಕಕ್ಕೆ ಸಾಟಿಯಲ್ಲ.

ಹಾಗಿದ್ದರೆ ಫೈಬರ್ ಇರುವ ಊರಿನಲ್ಲೂ ನೆಟ್ ಯಾಕೆ ನಿಲ್ಲುತ್ತದೆ? ಇದನ್ನು ಇಂಡಿ ಶಾಖಾ ಕಾಲುವೆಯ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾರಾಯಣಪುರ ಎಡದಂಡೆಯಿಂದ ಹೊರಟ ನೀರು ಮೇಲಿನವರ ಹೊಲ ದಾಟಿ ಟೇಲ್‌ಎಂಡಿಗೆ ಬರಬೇಕು. ನಡುವೆ ಎಲ್ಲಿ ಒಡೆದರೂ, ಯಾರು ಹೆಚ್ಚು ಎಳೆದರೂ, ಒಣಗುವುದು ಕೊನೆಯ ಹೊಲ. ಕೇಂದ್ರದ ಭಾರತ್‌ನೆಟ್ ಯೋಜನೆ ಮೊದಲ ಹಂತಗಳಲ್ಲಿ ಕಟ್ಟಿದ್ದು ಇಂಥದೇ ಸಾಲು ಜಾಲ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದರ ಹೆಸರು ಭಾರತ್‌ನೆಟ್ ಆಯಿತು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ 100 ಎಂಬಿಪಿಎಸ್ ಮುಟ್ಟಿಸುವುದು ಗುರಿ. ಹಣ ಕಂಪನಿಗಳ ಆದಾಯದಿಂದಲೇ ಬಂದದ್ದು: ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಆದಾಯದ ಶೇ 5ರಷ್ಟನ್ನು ಸಾರ್ವತ್ರಿಕ ಸೇವಾ ನಿಧಿಗೆ ಕಟ್ಟುತ್ತವೆ, ಆ ನಿಧಿಗೀಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. ತಾಲ್ಲೂಕು ಕೇಂದ್ರದವರೆಗೆ ಇದ್ದ ಬಿಎಸ್‌ಎನ್‌ಎಲ್‌ನ ಹಳೆಯ ಫೈಬರ್ ಬಳಸಿ, ಅಲ್ಲಿಂದ ಪಂಚಾಯಿತಿಗೆ ಹೊಸದನ್ನು ಹೂಳಿ ಜೋಡಿಸುವ ಯೋಜನೆ ಅದು. ಕಾಗದದಲ್ಲಿ ಚೆಂದ. ನೆಲದಲ್ಲಿ ಎರಡು ತೊಡಕು.

ಒಂದು, ಸಾಲಿನಲ್ಲಿ ಒಂದು ಕಡೆ ಕೇಬಲ್ ಕತ್ತರಿಸಿದರೆ ಅದರ ಮುಂದಿನ ಪಂಚಾಯಿತಿಗಳೆಲ್ಲ ಕತ್ತಲಾಗುತ್ತವೆ. ಕತ್ತರಿಸುವವರಿಗೇನು ಬರವೇ? ಬೀದರ್‌ನಿಂದ ಸಿಂದಗಿ, ವಿಜಯಪುರ ಮೂಲಕ ಹೊಸಪೇಟೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಂಥ ದೊಡ್ಡ ರಸ್ತೆ ಅಗಲ ಮಾಡುವ ಜೆಸಿಬಿ, ಕುಡಿಯುವ ನೀರಿನ ಪೈಪ್ ಹಾಕುವ ಗುತ್ತಿಗೆದಾರ, ಬೋರ್‌ನಿಂದ ಹೊಲಕ್ಕೆ ಪೈಪ್‌ಲೈನ್ ತೋಡುವ ರೈತ, ಎಲ್ಲರೂ ರಸ್ತೆ ಬದಿಯ ಅದೇ ಪಟ್ಟಿಯನ್ನೇ ಅಗೆಯುತ್ತಾರೆ. ಅಗೆಯುವ ಮುನ್ನ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಹೊಲದ ಬದುವಿನಲ್ಲಿ ಜೆಸಿಬಿ ನಡೆಸುವವನು ಅದನ್ನು ತೆರೆದು ನೋಡುತ್ತಾನೆಂದು ನಂಬುವುದು ಕಷ್ಟ.

ಎರಡನೆಯದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರಿಯುತ್ತದೆ. ಕೇಬಲ್ ಹೂಳುವ ವಾಡಿಕೆಯ ಆಳ 165 ಸೆಂಟಿಮೀಟರ್. ಅಷ್ಟು ಆಳದಲ್ಲಿ, ಗಟ್ಟಿ ಪೈಪಿನೊಳಗೆ ಇದ್ದರೆ ಎರೆಯ ಆಟ ನಡೆಯುವುದಿಲ್ಲ. ಕೈಗೆ ಸಿಕ್ಕಷ್ಟು ತೋಡಿ ಮಣ್ಣು ಮುಚ್ಚಿದ ಕಡೆ ಮಾತ್ರ ಮಣ್ಣು ಕೇಬಲನ್ನು ವರ್ಷವಿಡೀ ಎಳೆದಾಡುತ್ತದೆ. ಗಾಜಿನ ಎಳೆ ತುಂಡಾಗಬೇಕೆಂದೇನಿಲ್ಲ. ಎಲ್ಲೋ ಒಂದು ಕಡೆ ಮಣಿದರೆ, ಬೆಸುಗೆ ಸಡಿಲಾದರೆ, ಬೆಳಕು ಸೋರುತ್ತದೆ.

ಈ ಸೋರುವಿಕೆಯನ್ನು ಮನೆಯಲ್ಲೇ ನೋಡಬಹುದು. ಫೈಬರ್ ಬಂದು ಸೇರುವ, ಗೋಡೆಗೆ ಹೊಡೆದ ಒಎನ್‌ಟಿ ಡಬ್ಬಿಯಲ್ಲಿ ‘ಪಾನ್’ ಎಂಬ ದೀಪ ಹಸಿರಾಗಿ ನಿಂತಿರಬೇಕು. ‘ಲಾಸ್’ ಎಂಬ ದೀಪ ಕೆಂಪಗೆ ಮಿಣುಕಿದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ರೂಟರ್ ಆಫ್ ಆನ್ ಮಾಡಿ ಉಪಯೋಗವಿಲ್ಲ. ಕೆಂಪಿಲ್ಲದೆಯೂ ನೆಟ್ ತಡೆದು ತಡೆದು ಬಂದರೆ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಮಟ್ಟ ನೋಡಬೇಕು. ಅದು ಮೈನಸ್ ಡಿಬಿಎಂನಲ್ಲಿರುತ್ತದೆ. ಮೈನಸ್ 20ರ ಆಸುಪಾಸು ಆರೋಗ್ಯ. ಮೈನಸ್ 27 ಸಾಮಾನ್ಯ ಡಬ್ಬಿಯ ಕೊನೆಯ ಗೆರೆ. ಆ ಸಂಖ್ಯೆಯನ್ನು ಫೋಟೊ ತೆಗೆದು ದೂರಿನ ಜೊತೆ ಕಳಿಸಿದರೆ, ‘ಎಲ್ಲಾ ಬರೊಬ್ಬರಿ ಐತ್ರಿ’ ಎನ್ನುವ ಬಾಯಿ ಅರ್ಧ ಮುಚ್ಚುತ್ತದೆ.

ಫೈಬರ್ ಪಂಥದವರೂ ಸಾಲು ಜಾಲದ ದೋಷ ಒಪ್ಪಿದ್ದಾರೆ. 2023ರ ಆಗಸ್ಟ್‌ನಲ್ಲಿ ಸಂಪುಟ ಮಂಜೂರು ಮಾಡಿದ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್‌ನಲ್ಲಿ ಪಂಚಾಯಿತಿಗಳನ್ನು ಉಂಗುರದಂತೆ ಸುತ್ತಿಸುವ ಯೋಜನೆಯಿದೆ. ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಹೂಳಿದ ಗುತ್ತಿಗೆದಾರನೇ ಹತ್ತು ವರ್ಷ ನೋಡಿಕೊಳ್ಳಬೇಕು ಎಂಬ ಷರತ್ತೂ ಸೇರಿದೆ. ಇಡೀ ಯೋಜನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ ಷರತ್ತು, ಕೋಟಿಗಳಲ್ಲ.

ರೈಲು ಹಳಿಯ ಗುಂಟ ರೈಲ್‌ಟೆಲ್‌ನ ಫೈಬರ್ ಇದೆ, ಅದರಿಂದ ಸ್ಥಳೀಯ ಪಾಲುದಾರರ ಮೂಲಕ ಮನೆಗಳಿಗೂ ‘ರೈಲ್‌ವೈರ್’ ಕೊಡುತ್ತಾರೆ. ಹೋಟಗಿ–ಗದಗ ಮಾರ್ಗದಲ್ಲಿ ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂದು ನಿಲ್ದಾಣಗಳಿವೆ. ಹೆಸರಿನಲ್ಲಿರುವ ‘ರೋಡ್’ ಹೇಳುವಂತೆ ಅವು ಊರಿಂದ ದೂರ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಹಳಿಯೇ ಇಲ್ಲ. ರೈಲಿಗಾಗಿ ಅಲ್ಲಿಯವರು ಕೊಡುತ್ತ ಬಂದ ಮನವಿಗಳಲ್ಲಿ ಈ ಕಾರಣವನ್ನೂ ಸೇರಿಸಬಹುದು.

ಗಾಳಿಯಲ್ಲಿ ಬರುವ ನೆಟ್

ಟವರ್ ಪಂಥದವರು ಫೈಬರಿನವರ ಮಾತನ್ನು ಅರ್ಧ ಒಪ್ಪುತ್ತಾರೆ. ಟವರ್‌ವರೆಗೆ ಫೈಬರ್ ಇರಲಿ, ಅಲ್ಲಿಂದ ಮನೆಗೆ ತಂತಿ ಬೇಡ. ಹಳ್ಳಿಯಲ್ಲಿ ಮನೆಗಳು ಚದುರಿರುತ್ತವೆ, ಇಪ್ಪತ್ತು ಮನೆಗೆ ಎರಡು ಕಿಲೋಮೀಟರ್ ಕೇಬಲ್ ಎಳೆದರೆ ಬಾಡಿಗೆಯಲ್ಲಿ ಹಣ ಹುಟ್ಟುವುದಿಲ್ಲ. ಈ ವಾದಕ್ಕೆ ಹಳೆಯ ಬೇರುಗಳಿವೆ. 1990ರ ದಶಕದಲ್ಲಿ ಐಐಟಿ ಮದ್ರಾಸ್‌ನ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ರೂಪಿಸಿದ ‘ಕಾರ್‌ಡೆಕ್ಟ್’ ಹಳ್ಳಿಗೆ ತಂತಿಯಿಲ್ಲದೆ ಫೋನು ಮತ್ತು 35–70 ಕಿಲೋಬಿಟ್ ನೆಟ್ ಕೊಡಲೆಂದೇ ಹುಟ್ಟಿದ್ದು.

ಇಂದಿನ ರೂಪ ಏರ್‌ಫೈಬರ್. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ರೇಡಿಯೊ ತರಂಗ. 2023ರಲ್ಲಿ ಏರ್‌ಟೆಲ್ ಆಗಸ್ಟ್‌ನಲ್ಲಿ, ಜಿಯೊ ಸೆಪ್ಟೆಂಬರ್‌ನಲ್ಲಿ ದೊಡ್ಡ ನಗರಗಳಿಂದ ಇದನ್ನು ಶುರುಮಾಡಿದವು. ಮಾಳಿಗೆಯ ಮೇಲೆ ಒಂದು ಡಬ್ಬಿ ಟವರ್ ಕಡೆ ಮುಖ ಮಾಡಿ ಕೂರುತ್ತದೆ, ಅದರಿಂದ ವೈರ್ ಒಳಗಿನ ರೂಟರಿಗೆ. ಅಗೆತವಿಲ್ಲ, ಒಂದೆರಡು ತಾಸಿನಲ್ಲಿ ಕೆಲಸ ಮುಗಿಯುತ್ತದೆ. ಈ ಕಡೆಯ ಬಯಲು ಸೀಮೆ, ಚಪ್ಪಟೆ ಮಾಳಿಗೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಮಲೆನಾಡಿನವರಿಗೆ ಗುಡ್ಡ, ಅಡಿಕೆ ತೋಟದ ಅಡ್ಡಿ. ಇಂಡಿಯ ಲಿಂಬೆ ತೋಟ ಎಷ್ಟು ದಟ್ಟವಾದರೂ ಡಬ್ಬಿಗಿಂತ ಎತ್ತರಕ್ಕೆ ಬೆಳೆಯುವುದಿಲ್ಲ.

ತೊಡಕಿರುವುದು ಹಂಚಿಕೆಯಲ್ಲಿ. ಟವರ್‌ನ ಒಂದು ಮುಖದಲ್ಲಿರುವ ಎಲ್ಲ ಮೊಬೈಲ್, ಎಲ್ಲ ಏರ್‌ಫೈಬರ್ ಒಂದೇ ತರಂಗಾಂತರವನ್ನು ಹಂಚಿಕೊಳ್ಳುತ್ತವೆ. ಕಡಿಮೆ ಆವರ್ತನದ ತರಂಗ, ಅಂದರೆ 700 ಅಥವಾ 850 ಮೆಗಾಹರ್ಟ್ಸ್, ದೂರ ಹೋಗುತ್ತದೆ, ಗೋಡೆ ತೂರುತ್ತದೆ, ಆದರೆ ಹೊರುವ ಭಾರ ಕಡಿಮೆ. 3,300 ಮೆಗಾಹರ್ಟ್ಸ್ ಹೆಚ್ಚು ಹೊರುತ್ತದೆ, ದೂರ ಹೋಗುವುದಿಲ್ಲ. 26 ಗಿಗಾಹರ್ಟ್ಸ್‌ಗೆ ಒಂದು ಬೇವಿನ ಗಿಡ ಅಡ್ಡ ಬಂದರೂ ಸಾಕು. ಫೋನಿನಲ್ಲಿ ರೇಂಜ್ ಕಡ್ಡಿ ಪೂರ್ತಿ ಇದ್ದೂ ನೆಟ್ ಓಡದಿರುವುದರ ಗುಟ್ಟು ಇಲ್ಲಿದೆ: ಕಡ್ಡಿ ತೋರಿಸುವುದು ಟವರ್ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬುದನ್ನು, ಅದರ ಮುಂದೆ ಎಷ್ಟು ಜನ ನಿಂತಿದ್ದಾರೆ ಎಂಬುದನ್ನಲ್ಲ. ಬೆಳಗ್ಗೆ ಆರಕ್ಕೆ ಓಡಿ ರಾತ್ರಿ ಒಂಬತ್ತಕ್ಕೆ ನಿಲ್ಲುವ ನೆಟ್‌ಗೆ ನೂರಕ್ಕೆ ತೊಂಬತ್ತು ಪಾಲು ಇದೇ ರೋಗ. ಡಬ್ಬಿ ಬದಲಿಸಿ, ಮೊಬೈಲ್ ಬದಲಿಸಿ ಇದು ವಾಸಿಯಾಗದು. ಕಂಪನಿ ಬದಲಿಸಿದರೆ ಆಗಬಹುದು, ಊರಿನವರೆಲ್ಲ ಅದಕ್ಕೇ ಬದಲಿಸುವವರೆಗೆ.

ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಿಂದ ಪ್ರಧಾನಿ ಉದ್ಘಾಟಿಸಿದರು. ಖಾಸಗಿಯವರ ಟವರ್ ತುಂಬಿ ತುಳುಕುವ ಊರಿನಲ್ಲಿ, ಗಿರಾಕಿಗಳು ಕಡಿಮೆ ಇರುವ ಬಿಎಸ್‌ಎನ್‌ಎಲ್ ಟವರ್ ರಾತ್ರಿ ಹೊತ್ತು ಚೆನ್ನಾಗಿ ಓಡುವ ಸಾಧ್ಯತೆ ಇದೆ. ಸ್ನೇಹಿತರ ಸಿಮ್ ಒಂದು ದಿನ ಇಸಿದುಕೊಂಡು, ಮಾಳಿಗೆಯ ಮೇಲೆ ರಾತ್ರಿ ಒಂಬತ್ತಕ್ಕೆ ನೋಡುವುದು ಯಾವ ಜಾಹೀರಾತಿಗಿಂತಲೂ ಒಳ್ಳೆಯ ಪರೀಕ್ಷೆ.

ಆಕಾಶದವರು

1975ರ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಅಷ್ಟು ದೂರ ಹೋಗಿ ಬರಲು ಬೆಳಕಿಗೂ ಸುಮಾರು ಕಾಲು ಸೆಕೆಂಡ್ ಬೇಕು. ಟಿವಿಗೆ ಅಡ್ಡಿಯಿಲ್ಲ, ಮಾತುಕತೆಗೆ ಕಿರಿಕಿರಿ. ಸ್ಟಾರ್‌ಲಿಂಕ್‌ನಂಥವು 550 ಕಿಲೋಮೀಟರ್ ಎತ್ತರದಲ್ಲಿ ಗುಂಪು ಗುಂಪಾಗಿ ಸುತ್ತುತ್ತವೆ, ಈ ತಡ ಅಲ್ಲಿಲ್ಲ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಭಾರತದ ಪರವಾನಗಿ ಸಿಕ್ಕಿತು. ಯುಟೆಲ್‌ಸ್ಯಾಟ್ ಒನ್‌ವೆಬ್, ಜಿಯೊ–ಎಸ್‌ಇಎಸ್ ಅದಕ್ಕೂ ಮುಂಚೆ ಪಡೆದಿದ್ದವು. ತರಂಗಾಂತರಕ್ಕೆ ಆದಾಯದ ಶೇ 4ರಷ್ಟು ಶುಲ್ಕ ಇರಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆ ವರ್ಷದ ಮೇ ತಿಂಗಳಲ್ಲಿ ಶಿಫಾರಸು ಮಾಡಿತ್ತು. ಈ ಪಂಥದ ಮಾತು ಹೊಂದುವುದು ಟವರ್ ಕೂಡ ಮುಟ್ಟದ ಜಾಗಗಳಿಗೆ. ಬಯಲು ಸೀಮೆಯ ತಾಲ್ಲೂಕು ಪಟ್ಟಣಕ್ಕೆ ಇದು ದುಬಾರಿ ಆಟಿಕೆಯೇ ಹೊರತು ಪರಿಹಾರವೆಂದು ನನಗೆ ಅನಿಸಿಲ್ಲ.

ಗೋಡೆಯೊಳಗಿನ ಕಳ್ಳ

ರಿಪೇರಿ ಹುಡುಗನ ವಾದಕ್ಕೂ ನ್ಯಾಯ ಸಲ್ಲಬೇಕು. ಈ ಭಾಗದ ಹಳೆಯ ಮನೆ ಎಂದರೆ ಕಲ್ಲು ಮಣ್ಣಿನ ಎರಡಡಿ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಬೇಸಿಗೆಯ ಬಿಸಿಲನ್ನು ತಡೆಯಲು ಕಟ್ಟಿದ ಗೋಡೆ ವೈಫೈಯನ್ನೂ ತಡೆಯುತ್ತದೆ. ರೂಟರ್ ಪಡಸಾಲೆಯಲ್ಲಿ ಟಿವಿಯ ಹಿಂದೆ ಇರುತ್ತದೆ, ಓದುವ ಹುಡುಗಿ ಅಡುಗೆಮನೆಯ ಆಚೆಯ ಕೋಣೆಯಲ್ಲಿ. ನಡುವೆ ಎರಡು ಗೋಡೆ, ಒಂದು ಕಬ್ಬಿಣದ ತಿಜೋರಿ, ಜೋಳದ ಚೀಲಗಳ ನಿಟ್ಟು. 100 ಎಂಬಿಪಿಎಸ್ ಪಡಸಾಲೆವರೆಗೆ ಬಂದು ಅಲ್ಲೇ ಕೂತಿರುತ್ತದೆ.

ರೂಟರ್ ಎರಡು ಹೆಸರಿನ ವೈಫೈ ಕೊಡುತ್ತದೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟುತ್ತದೆ, ವೇಗ ಕಡಿಮೆ, ಓಣಿಯಲ್ಲಿ ಹತ್ತು ರೂಟರ್ ಇದ್ದರೆ ಒಂದರ ಮೇಲೊಂದು ಬೀಳುತ್ತವೆ. 5 ಗಿಗಾಹರ್ಟ್ಸ್‌ನದು ಒಂದೇ ಕೋಣೆಯಲ್ಲಿ ಜೋರು. ಕಲ್ಲಿನ ಮನೆಗೆ ಇವೆರಡಕ್ಕಿಂತ ಒಳ್ಳೆಯ ಔಷಧಿ ಲ್ಯಾನ್ ವೈರ್. ಬೆಳಕಿಂಡಿಯ ಮೂಲಕ ಒಂದು ಕ್ಯಾಟ್-6 ವೈರ್ ಇಳಿಸಿ, ಮನೆಯಲ್ಲಿ ಬಿದ್ದ ಹಳೆಯ ರೂಟರನ್ನು ಒಳಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ ಮಾಡಿ ಕೂರಿಸಿದರೆ ಮುಗಿಯಿತು. ನೂರು ಮೀಟರ್‌ವರೆಗೆ ಆ ವೈರ್ ಸುಸ್ತಾಗುವುದಿಲ್ಲ. ಸಿಗ್ನಲ್ ಹೆಚ್ಚಿಸುತ್ತದೆ ಎಂದು ಮಾರುವ ಗೋಡೆ ಸಾಕೆಟ್ಟಿನ ರಿಪೀಟರ್ ಹಲವು ಬಾರಿ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ.

ತಪ್ಪು ಯಾರದು ಎಂದು ತೀರ್ಮಾನಿಸಲು ವೈಫೈ ಬಿಟ್ಟು, ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಲ್ಲಿ ನೇರ ಡಬ್ಬಿಗೆ ಸಿಕ್ಕಿಸಿ ಅಳೆಯಬೇಕು. ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ. ಎರಡೂ ಹೊತ್ತು ವೈರಿನಲ್ಲಿ ವೇಗ ಸರಿಯಿದ್ದರೆ ಕಳ್ಳ ಗೋಡೆಯೊಳಗೆ. ರಾತ್ರಿ ಮಾತ್ರ ಬಿದ್ದರೆ ಕಳ್ಳ ಕಂಪನಿಯ ಕಡೆ. ಎರಡೂ ಹೊತ್ತು ಬಿದ್ದಿದ್ದರೆ ಲೈನಿನಲ್ಲಿ, ಇಲ್ಲವೇ ತಿಂಗಳ ಡಾಟಾ ಮಿತಿ ಮುಗಿದು ವೇಗ ಇಳಿದಿದೆ. ಅಳೆಯುವಾಗ ಒಂದು ಗೊಂದಲ ಬೇಡ: 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ನೂರು ಎಂಬಿ ಫೈಲ್ ಇಳಿಯುವುದಲ್ಲ, ಹನ್ನೆರಡೂವರೆ.

ಕರೆಂಟಿನ ಮಾತೂ ಇದೆ. ಕೂಡಗಿಯ ಎನ್‌ಟಿಪಿಸಿ ಸ್ಥಾವರಕ್ಕೆ 2,400 ಮೆಗಾವಾಟ್ ಸಾಮರ್ಥ್ಯ, ಅದರ ಹೊಗೆ ಕಾಣುವ ಊರುಗಳಲ್ಲೂ ಕರೆಂಟ್ ಹೋದರೆ ಒಎನ್‌ಟಿ ಆರಿಹೋಗುತ್ತದೆ. ಬೆಳಕು ಫೈಬರಿನಲ್ಲಿ ಬರುತ್ತಲೇ ಇರುತ್ತದೆ, ಓದುವ ಡಬ್ಬಿ ಸತ್ತಿರುತ್ತದೆ. ರೂಟರಿಗೆಂದೇ ಸಿಗುವ ಸಣ್ಣ 12 ವೋಲ್ಟ್ ಯುಪಿಎಸ್ ಮೂರ್ನಾಲ್ಕು ತಾಸು ದೂಡುತ್ತದೆ. ಹೆಚ್ಚಿನ ವೇಗದ ಪ್ಲಾನ್‌ಗೆ ಹಣ ಹಾಕುವ ಮುನ್ನ ಇದಕ್ಕೆ ಹಾಕುವುದು ಜಾಣತನ.

ಊರಿಗೊಂದು ಸಾಕೇ?

ನಾಲ್ಕನೆಯ ಪಂಥ ನೆಟ್ಟನ್ನು ಗ್ರಂಥಾಲಯ, ಕುಡಿಯುವ ನೀರಿನ ಸಾಲಿಗೆ ಸೇರಿಸುತ್ತದೆ. ಕೇರಳ ಹೈಕೋರ್ಟ್ 2019ರಲ್ಲಿ ಫಹೀಮಾ ಶಿರಿನ್ ಪ್ರಕರಣದಲ್ಲಿ ಇಂಟರ್‌ನೆಟ್ ಬಳಕೆಯನ್ನು ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಜೊತೆ ಸೇರಿಸಿ ನೋಡಿತು. ಅದೇ ರಾಜ್ಯ 2023ರ ಜೂನ್‌ನಲ್ಲಿ ಸ್ವಂತ ‘ಕೆ-ಫಾನ್’ ಜಾಲ ತೆರೆಯಿತು. ಕರ್ನಾಟಕ ಅಷ್ಟು ದೂರ ಹೋಗಲಿಲ್ಲ, ಸೇವೆಯನ್ನು ಒಂದು ಟೇಬಲ್ಲಿಗೆ ತಂದಿಡುವ ದಾರಿ ಹಿಡಿಯಿತು: ನೆಮ್ಮದಿ ಕೇಂದ್ರ, ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್. ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಕಂಪ್ಯೂಟರ್ ಕಂಡವು. ಪರೀಕ್ಷೆಗೆ ಓದುವವರಿಗೆ ಇದು ಸಣ್ಣ ಉಪಕಾರವಲ್ಲ.

2020ರ ಡಿಸೆಂಬರ್‌ನಲ್ಲಿ ಮಂಜೂರಾದ ಪಿಎಂ-ವಾಣಿ ಇನ್ನೊಂದು ದಾರಿ. ಕಿರಾಣಿ ಅಂಗಡಿಯವನೂ ಲೈಸೆನ್ಸ್ ಇಲ್ಲದೆ ವೈಫೈ ಹಂಚಿ ಐದು ಹತ್ತು ರೂಪಾಯಿ ತೆಗೆದುಕೊಳ್ಳಬಹುದು. ಕಂಪನಿಗಳು ಇಂಥ ಅಂಗಡಿಗೆ ದುಬಾರಿ ಲೈನ್ ಕೊಡುತ್ತಿದ್ದ ಕಾರಣ, ಮನೆಯ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದೆಂದು ಟ್ರಾಯ್ 2025ರ ಜೂನ್‌ನಲ್ಲಿ ಕಟ್ಟುಮಾಡಿತು. ಆದರೂ ಈ ಪಂಥದ ವಾದ ಹಗಲಿಗೆ ಹೊಂದುತ್ತದೆ, ರಾತ್ರಿ ಎಂಟಕ್ಕಲ್ಲ. ಆ ಹೊತ್ತಿಗೆ ಅರಿವು ಕೇಂದ್ರಕ್ಕೆ ಬೀಗ. ಹೆಣ್ಣುಮಕ್ಕಳಿಗಂತೂ ಅಂಗಡಿಯ ಮುಂದೆ ನಿಂತು ಕ್ಲಾಸ್ ಕೇಳುವುದು ಆಗದ ಮಾತು.

ಸರ್ಕಾರ ತಾನೇ ನೆಟ್ ಬೇಡುವ ಕೆಲಸಗಳನ್ನು ಹಳ್ಳಿಗೆ ತುಂಬುತ್ತಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ಉದ್ಯೋಗ ಖಾತ್ರಿಯ ಕೆಲಸಗಾರರ ಹಾಜರಿಯನ್ನು 2023ರ ಜನವರಿಯಿಂದ ಕೆಲಸದ ಸ್ಥಳದಲ್ಲೇ ಆ್ಯಪಿನಲ್ಲಿ, ಫೋಟೊ ಸಮೇತ ಹಾಕುವುದು ಕಡ್ಡಾಯವಾಯಿತು. ಪಡಿತರ ಅಂಗಡಿಯಲ್ಲಿ ಬೆರಳು ಒತ್ತಿದರೂ ಸರ್ವರ್ ಬೇಕು. ಇವೆಲ್ಲ ಅಪ್‌ಲೋಡ್ ಕೇಳುವ ಕೆಲಸಗಳು, ಜಾಹೀರಾತುಗಳು ಹೇಳುವುದು ಡೌನ್‌ಲೋಡ್ ವೇಗ.

ಕೆಟ್ಟರೆ ಬರುವವರು ಯಾರು

ಇಷ್ಟೂ ಪಂಥಗಳು ಜಗಳವಾಡುವುದು ನೆಟ್ ಹೇಗೆ ತರಬೇಕೆಂಬ ಬಗ್ಗೆ. ಬಂದ ನೆಟ್ ಕೆಟ್ಟಾಗ ಯಾರು ಸೈಕಲ್ ಮೋಟರ್ ಹತ್ತಿ ಬರುತ್ತಾರೆ ಎಂಬುದನ್ನು ಯಾರೂ ತಲೆಗೆ ಹಚ್ಚಿಕೊಂಡಿಲ್ಲ. ಈ ಭಾಗದ ಮನೆಗಳಿಗೆ ವೇಗಕ್ಕಿಂತ ದೊಡ್ಡ ಪ್ರಶ್ನೆ ಇದೇ ಎಂದು ನನ್ನ ನಂಬಿಕೆ. 30 ಎಂಬಿಪಿಎಸ್ ತಿಂಗಳಿಡೀ ಬರುವ ಮನೆಯವರು ದೂರುವುದಿಲ್ಲ. 200 ಎಂಬಿಪಿಎಸ್ ತಿಂಗಳಲ್ಲಿ ಎಂಟು ದಿನ ನಿಲ್ಲುವ ಮನೆಯವರು ದೂರುತ್ತಾರೆ.

ಹಿಂದೆ ಬಿಎಸ್‌ಎನ್‌ಎಲ್ ಲೈನ್‌ಮನ್ ಇದ್ದ. ಯಾವ ಕಂಬದಲ್ಲಿ ಯಾರ ತಂತಿ ಎಂಬುದು ಅವನ ತಲೆಯಲ್ಲಿತ್ತು. 2020ರ ಜನವರಿ ಕೊನೆಗೆ ಸ್ವಯಂನಿವೃತ್ತಿ ಯೋಜನೆಯಲ್ಲಿ ದೇಶದಾದ್ಯಂತ 78,000ಕ್ಕೂ ಹೆಚ್ಚು ಬಿಎಸ್‌ಎನ್‌ಎಲ್ ನೌಕರರು ಒಂದೇ ದಿನ ಹೊರಬಂದರು. ಸಂಸ್ಥೆಯ ಲೆಕ್ಕಪತ್ರ ಹಗುರಾಯಿತು, ನೆಲದ ಜ್ಞಾನವೂ ಅವರೊಟ್ಟಿಗೆ ಮನೆಗೆ ಹೋಯಿತು. ಅವರ ಜಾಗಕ್ಕೆ ಬಂದವನು ಕೇಬಲ್ ಟಿವಿಯವನು. ಬಿಎಸ್‌ಎನ್‌ಎಲ್ ಫೈಬರನ್ನು ಮನೆಗೆ ಮುಟ್ಟಿಸುವ ಕೆಲಸವನ್ನು ಸ್ಥಳೀಯ ಪಾಲುದಾರರಿಗೆ ವರಮಾನ ಹಂಚಿಕೆಯ ಮೇಲೆ ಕೊಟ್ಟಿದೆ. ಕೇಬಲಿನವನಿಗೆ ಓಣಿ ಗೊತ್ತು, ಓಣಿಗೆ ಅವನು ಗೊತ್ತು. ಅವನ ಬಳಿ ಫೈಬರ್ ಬೆಸೆಯುವ ಯಂತ್ರ ಸ್ವಂತದ್ದಿದೆಯೋ, ಕೆಟ್ಟಾಗಲೆಲ್ಲ ವಿಜಯಪುರದಿಂದ ತರಿಸಬೇಕೋ ಎಂಬುದರ ಮೇಲೆ ನಿಮ್ಮ ನೆಟ್ ಒಂದು ತಾಸಿನಲ್ಲಿ ಬರುತ್ತದೋ ಒಂದು ವಾರಕ್ಕೆ ಬರುತ್ತದೋ ತೀರ್ಮಾನವಾಗುತ್ತದೆ. ಹೊಸ ಕನೆಕ್ಷನ್ ಕೊಳ್ಳುವ ಮುನ್ನ ಪ್ಲಾನ್ ಪಟ್ಟಿಗಿಂತ ಮೊದಲು ಕೇಳಬೇಕಾದ್ದು ಈ ಯಂತ್ರದ ಮಾತು. ಮತ್ತು ಅದೇ ಓಣಿಯ ಇಬ್ಬರು ಗಿರಾಕಿಗಳನ್ನು.

ದೂರು ಕೊಡುವ ದಾರಿಗಳಿವೆ. ಕಂಪನಿಯ ದೂರು ಸಂಖ್ಯೆ ಪಡೆದು ಬರೆದಿಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಆಮೇಲೆ ಕೇಂದ್ರದ ಪಿಜಿ ಪೋರ್ಟಲ್. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಟ್ರಾಯ್ ಗುಣಮಟ್ಟ ನಿಯಮಗಳ ಪ್ರಕಾರ ಮೊಬೈಲ್ ಕಂಪನಿಗಳು ಎಲ್ಲಿ ಯಾವ ಸೇವೆ ಸಿಗುತ್ತದೆಂಬ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ತೋರಿಸಬೇಕು. ನಕ್ಷೆಯಲ್ಲಿ ನಿಮ್ಮ ಊರಿಗೆ ಬಣ್ಣ ಹಚ್ಚಿದ್ದು, ನೆಲದಲ್ಲಿ ರೇಂಜ್ ಇಲ್ಲದಿದ್ದರೆ, ದೂರಿಗೆ ಅದೇ ಸಾಕ್ಷಿ.

ತೀರದೆ ಉಳಿದ ಲೆಕ್ಕ

ಪರಿಷ್ಕೃತ ಭಾರತ್‌ನೆಟ್‌ನ ಉಂಗುರ ಎರೆ ಭೂಮಿಯಲ್ಲಿ ಎಷ್ಟು ಮಳೆಗಾಲ ತಾಳುತ್ತದೆ, ಹತ್ತು ವರ್ಷದ ನಿರ್ವಹಣೆಯ ಷರತ್ತನ್ನು ಯಾರು ಅಳೆಯುತ್ತಾರೆ ಎಂಬುದು ಇನ್ನೂ ಬಯಲಾಗಬೇಕು. ಐದು ವರ್ಷದಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಎಂಬ ಅದರ ಗುರಿಯಲ್ಲಿ ಈ ಸೀಮೆಯ ಪಾಲೆಷ್ಟು ಎಂದು ಕೇಳುವ ಜನಪ್ರತಿನಿಧಿಯೂ ಬೇಕು. ಏರ್‌ಫೈಬರ್ ಊರಿನ ನಾಲ್ಕನೇ ಒಂದು ಪಾಲು ಮನೆಗಳಿಗೆ ಹೊಕ್ಕ ಮೇಲೆ ರಾತ್ರಿಯ ವೇಗ ಉಳಿಯುತ್ತದೆಯೇ? ಕಂಪನಿಗಳು ಟವರ್ ಹೆಚ್ಚಿಸುತ್ತವೋ, ದರ ಹೆಚ್ಚಿಸಿ ಗಿರಾಕಿ ಕಡಿಮೆ ಮಾಡುತ್ತವೋ? ರಸ್ತೆ ಗುತ್ತಿಗೆದಾರ ಕೇಬಲ್ ಕತ್ತರಿಸಿದರೆ ಖರ್ಚು ಅವನದೆಂದು ನಿಯಮ ಹೇಳಬಹುದು. ಕತ್ತರಿಸಿದ್ದು ಅವನೇ ಎಂದು ಸಾಬೀತು ಮಾಡುವವರು ಯಾರು?

ಎಲ್ಲಕ್ಕಿಂತ ಕಗ್ಗಂಟಾದದ್ದು ತೋಟದ ವಸ್ತಿಗಳ ಲೆಕ್ಕ. ಇಂಡಿ, ಚಡಚಣ ಕಡೆ ಲಿಂಬೆ, ದ್ರಾಕ್ಷಿ ಬೆಳೆದ ಕುಟುಂಬಗಳು ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡಿವೆ. ಒಂದೆಡೆ ನಾಲ್ಕು ಮನೆ, ಇನ್ನೊಂದೆಡೆ ಆರು. ಭಾರತ್‌ನೆಟ್ ಎಣಿಸುವುದು ಪಂಚಾಯಿತಿಗಳನ್ನು, ಹಳ್ಳಿಗಳಿಗೆ 4ಜಿ ಮುಟ್ಟಿಸುವ ಸರ್ಕಾರಿ ಯೋಜನೆ ಎಣಿಸುವುದು ಗ್ರಾಮಗಳನ್ನು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದ ಹೊತ್ತಿಗೆ ವಿಜಯಪುರ ಸೇರಿ ಐದು ಜಿಲ್ಲೆಗಳ ದಾಖಲೆಯಿಲ್ಲದ ತಾಂಡಾ, ಜನವಸತಿಗಳು ಕಂದಾಯ ಗ್ರಾಮಗಳೆಂದು ಘೋಷಣೆಯಾಗಿದ್ದವು, ಹಾಗಾಗಿ ಅವುಗಳಿಗೆ ಪಟ್ಟಿಯಲ್ಲೊಂದು ಸಾಲು ಸಿಕ್ಕಿದೆ. ತೋಟದ ವಸ್ತಿಗೆ ಆ ಸಾಲೂ ಇಲ್ಲ. ಪಂಚಾಯಿತಿ ಕಚೇರಿಯಿಂದ ಎರಡೋ ಮೂರೋ ಕಿಲೋಮೀಟರ್ ಕೇಬಲಿಗೆ ಕಂಬ ಯಾರು ನೆಡಬೇಕು, ಕೇಬಲಿನವನೋ, ಹೆಸ್ಕಾಂ ಕಂಬವನ್ನೇ ಬಾಡಿಗೆಗೆ ಕೊಡುತ್ತದೋ, ಇಲ್ಲ ಆರು ಮನೆಯವರೇ ಪಟ್ಟಿ ಹಾಕಿ ಹಣ ಕೂಡಿಸಬೇಕೋ ಎಂಬುದಕ್ಕೆ ಯಾವ ಯೋಜನೆಯಲ್ಲೂ ಉತ್ತರ ಬರೆದಂತಿಲ್ಲ.